ಕಸೂತಿ, ಮೊಬೈಲು ಮತ್ತು ಹದಿನೈದನೆಯ ನಿಯಮ

ಸರೋಜಿನಿ ನಗರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಇಲ್ಲಿಯ ಬಟ್ಟೆ ಮಾರುಕಟ್ಟೆ. ರಫ್ತಿಗೆಂದು ಹೊಲಿದು ಮಿಕ್ಕಿದ್ದು, ಎಲ್ಲೋ ಒಂದು ಹೊಲಿಗೆ ತಪ್ಪಿದ್ದರಿಂದ ತಿರಸ್ಕೃತವಾದದ್ದು, ಎಲ್ಲವೂ ರಾಶಿರಾಶಿಯಾಗಿ ಬಿದ್ದಿರುವ ಜಾಗ. ಸೋಮವಾರವೊಂದು ಬಿಟ್ಟರೆ ಉಳಿದ ದಿನವೆಲ್ಲ ಜಾತ್ರೆ. ಆದರೆ ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ಸರೋಜಿನಿ ನಗರವೆಂದರೆ ಮೊದಲು ಕ್ವಾರ್ಟರ್ಸು, ಆಮೇಲೆ ಮಾರುಕಟ್ಟೆ. ಸಂಘದ ಹಿರಿಯರಲ್ಲಿ ಕೆಲವರು ಇದನ್ನು ಈಗಲೂ ಹಳೆಯ ಹೆಸರು ಹಿಡಿದು ವಿನಯ ನಗರ ಎನ್ನುವುದುಂಟು.

ಈ ಮಾರುಕಟ್ಟೆಯ ಪಕ್ಕದಲ್ಲಿ ಇಷ್ಟು ವರ್ಷ ಇದ್ದರೂ ವ್ಯಾಪಾರದ ಗಂಧ ನಮಗೆ ತಗಲಿರಲಿಲ್ಲ. ತಿಂಗಳ ಕೊನೆಯ ದಿನ ಸಂಬಳ, ವರ್ಷಕ್ಕೆರಡು ಸಲ ತುಟ್ಟಿಭತ್ಯೆಯ ಮಾತು, ಇಷ್ಟರಲ್ಲೇ ನಮ್ಮ ಅರ್ಥಶಾಸ್ತ್ರ ಮುಗಿಯುತ್ತಿತ್ತು. ಅಂಥ ಮನೆಯೊಳಗೆ ವ್ಯಾಪಾರ ಹೇಗೆ ನುಗ್ಗಿತು, ಅದರಿಂದ ನಮಗೆ ಯಾವ ಪಾಠವಾಯಿತು ಎಂಬುದನ್ನು ಹೇಳುವುದಕ್ಕಾಗಿ ಈ ನಾಲ್ಕು ಮಾತು.

ನಮ್ಮ ಮನೆಯವರು ಧಾರವಾಡದವರು. ತಾಯಿಯಿಂದ ಕಸೂತಿ ಕಲಿತವರು. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂಥೆ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲು, ಹೀಗೆ ಚಿತ್ತಾರಗಳು. ಇಲಕಲ್ಲ ಸೀರೆಯ ಸೆರಗಿನ ಮೇಲೆ, ಮದುವೆಯ ಕಪ್ಪು ಚಂದ್ರಕಾಳಿಯ ಮೇಲೆ ಇದನ್ನು ಹಾಕುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಒಂದು ಎಳೆ ತಪ್ಪಿ ಎಣಿಸಿದರೆ ಆನೆಗೆ ಐದನೆಯ ಕಾಲು ಮೂಡುತ್ತದೆ. ಬಿಚ್ಚಿ ಮತ್ತೆ ಹಾಕದೆ ಗತ್ಯಂತರವಿಲ್ಲ.

ಹಳೆಯ ಸರೋಜಿನಿ ನಗರದಲ್ಲಿ ಕ್ವಾರ್ಟರ್ಸುಗಳ ನಡುವೆ ಹುಲ್ಲಿನ ಅಂಗಳಗಳಿದ್ದವು, ಬೇವಿನ ಮರಗಳಿದ್ದವು. ದಿಲ್ಲಿಯ ಚಳಿಗಾಲದಲ್ಲಿ ಹತ್ತು ಗಂಟೆಯ ಬಿಸಿಲು ಬಿದ್ದೊಡನೆ ಮಂಚ, ಕುರ್ಚಿ, ಕಡಲೆಕಾಯಿ, ಬಟಾಣಿ ಬುಟ್ಟಿ ಎಲ್ಲ ಹೊರಗೆ ಬರುತ್ತಿದ್ದವು. ಪಂಜಾಬಿ ಹೆಂಗಸರು ಉಣ್ಣೆಯ ಸ್ವೆಟರು ಹೆಣೆಯುವರು, ನಮ್ಮ ಮನೆಯವರು ಕಸೂತಿ ಹಾಕುವರು. ನೋಡಿದವರು ಕೇಳುವರು, ಕೇಳಿದವರು ಒಂದು ಕುಬಸಕ್ಕೋ ಕುರ್ತಾಕ್ಕೋ ಹೇಳಿ ಹೋಗುವರು. ಹಣವೆಂದರೆ ದಾರದ ಖರ್ಚು, ಮೇಲೆ ಒಂದಿಷ್ಟು. ಅದನ್ನು ಯಾರೂ ವ್ಯಾಪಾರವೆಂದು ಕರೆಯುತ್ತಿರಲಿಲ್ಲ. ನಾವಂತೂ ಅದನ್ನು 'ಟೈಂ ಪಾಸು' ಎಂದೇ ಭಾವಿಸಿದ್ದೆವು.

2016ರಲ್ಲಿ ಕೇಂದ್ರ ಸಚಿವ ಸಂಪುಟ ದಿಲ್ಲಿಯ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಕಟ್ಟುವುದಕ್ಕೆ ಒಪ್ಪಿಗೆ ಕೊಟ್ಟಿತು; ಅವುಗಳಲ್ಲಿ ನಮ್ಮದೂ ಒಂದು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗೆ ಬಂದದ್ದು, ದಿಲ್ಲಿ ಹೈಕೋರ್ಟು ಕಡಿತಕ್ಕೆ ತಡೆ ಹಾಕಿದ್ದು ಓದುಗರಿಗೆ ನೆನಪಿರಬಹುದು. ಅಷ್ಟರಲ್ಲಿ ನಾವು ಗಂಟುಮೂಟೆ ಕಟ್ಟಿಕೊಂಡು ರಾಮಕೃಷ್ಣಪುರದ ಇನ್ನೊಂದು ಕ್ವಾರ್ಟರ್ಸಿಗೆ ಹೋಗಿಯಾಗಿತ್ತು. ನೆರೆಯವರಲ್ಲಿ ಕೆಲವರು ನೋಯ್ಡಾ, ಕೆಲವರು ದ್ವಾರಕಾ, ನಿವೃತ್ತರಾದವರು ತಂತಮ್ಮ ಊರು. ಅಂಗಳ ಹೋಯಿತು, ಅಂಗಳದ ಜೊತೆ ಕಸೂತಿಯನ್ನು ಕೇಳುವವರೂ ಹೋದರು. ಸೂಜಿಡಬ್ಬಿ ಬೀರುವಿನ ಮೇಲಕ್ಕೆ ಏರಿತು. ಅದು ಏರಿದ್ದನ್ನು ನಾವು ಗಮನಿಸಲೇ ಇಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2025ರ ಜನವರಿಯಲ್ಲಿ ಸರೋಜಿನಿ ನಗರದ ಹೊಸ ಟೈಪ್-2 ಮನೆಗಳ ಉದ್ಘಾಟನೆಯಾಯಿತು. 28 ಗೋಪುರಗಳು, 2,500ಕ್ಕೂ ಹೆಚ್ಚು ಮನೆಗಳು. ಅವುಗಳಲ್ಲೊಂದು ನಮಗೂ ಸಿಕ್ಕಿತು. ಬಟ್ಟೆಯ ಮೇಲೆ ಗೋಪುರ ಹಾಕುತ್ತಿದ್ದವರು ಈಗ ಗೋಪುರದೊಳಗೇ ಬಂದು ಕುಳಿತಂತಾಯಿತು. ಲಿಫ್ಟು ಇದೆ, ನೀರು ಇದೆ, ಎಲ್ಲ ಇದೆ. ಪಕ್ಕದ ಮನೆಯವರ ಹೆಸರು ಮಾತ್ರ ಆರು ತಿಂಗಳಾದರೂ ಗೊತ್ತಿಲ್ಲ.

ಹೀಗಿರುವಾಗ ಒಂದು ದಿನ ನೋಯ್ಡಾಕ್ಕೆ ಹೋದ ಹಳೆಯ ನೆರೆಯಾಕೆ ಫೋನು ಮಾಡಿದರು. ಮಗಳ ಮದುವೆಯಂತೆ, ಐದು ಕುಬಸಗಳಿಗೆ ಕಸೂತಿ ಬೇಕು, ನಮೂನೆ ಕಳಿಸಿ ಎಂದರು. ಕಳಿಸಲು ಒಂದು ಫೋಟೋ ಸಹ ನಮ್ಮಲ್ಲಿರಲಿಲ್ಲ. ಪಿಯುಸಿ ಓದುವ ಮಗಳು, "ಅಮ್ಮಾ, ಇನ್ಸ್ಟಾಗ್ರಾಮಿನಲ್ಲಿ ಒಂದು ಪುಟ ತೆಗೆ. ನಮ್ಮ ಮಾರ್ಕೆಟ್ಟಿನ ಅಂಗಿಗಳನ್ನೇ ರಾಶಿಯಿಂದ ಆರಿಸಿ, ಒಗೆದು, ಇಸ್ತ್ರಿ ಮಾಡಿ, ಫೋಟೋ ಹಾಕಿ ದೇಶಕ್ಕೆಲ್ಲ ಮಾರುತ್ತಾರೆ, ನಿನ್ನದು ಸ್ವಂತ ಕೈಕೆಲಸ," ಎಂದಳು. ಅವಳ ಕಾಲೇಜಿನ ಖರ್ಚು ಎರಡು ವರ್ಷದೊಳಗೆ ಬಾಗಿಲಿಗೆ ಬರುವುದಿತ್ತು. ಮಾತು ಎಲ್ಲರಿಗೂ ರುಚಿಸಿತು.

ಇಲ್ಲಿಂದ ಮುಂದೆ ನಮ್ಮ ಪ್ರತಾಪ. ಬಿ.ಎಸ್ಸಿ. ಓದಿದವರು, ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವರು ಎಂಬ ಬಿರುದು ನಮಗಿತ್ತಷ್ಟೆ. ಇಡೀ ಕಾರ್ಯಭಾರವನ್ನು ಕೇಳದೆಯೇ ವಹಿಸಿಕೊಂಡೆವು. ಪುಟಕ್ಕೆ ಹೆಸರು ಇಟ್ಟದ್ದು ನಾವು, ಖಾತೆ ತೆರೆದದ್ದು ನಮ್ಮ ಮೊಬೈಲಿನಿಂದ, ಹಣ ಬರಬೇಕಾದ ಯುಪಿಐ ನಮ್ಮದೇ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಚಂದ್ರಕಾಳಿಯನ್ನು ಹಾಸಿ, ಫ್ಲ್ಯಾಶ್ ಹೊಡೆದು ಹನ್ನೆರಡು ಫೋಟೋ ತೆಗೆದೆವು. ಕಪ್ಪು ಸೀರೆ ಬೂದಿ ಬಣ್ಣಕ್ಕೆ ತಿರುಗಿತು. ಅದಕ್ಕೆ ಗುಲಾಬಿ ಹೂವಿನ ಚೌಕಟ್ಟು ಹಾಕಿದೆವು. ಒಂದು ವಾರದಲ್ಲಿ ಮುನ್ನೂರು 'ಲೈಕು'ಗಳು ಬಂದವು. ಹೆಚ್ಚಿನವು ನಮ್ಮ ಬಂಧುಗಳದು, ಉಳಿದವು ಲೈಕುಗಳನ್ನೇ ಮಾರುವವರದು. ನಾವು ಹಿಗ್ಗಿ ಮನೆಯವರಿಗೆ ತೋರಿಸಿದೆವು.

"ಎಷ್ಟ ಲೈಕ್ ಬಂದ್ರ ಏನ್ರೀ, ಒಂದ ಕುಬಸಾನೂ ಹೋಗಲಿಲ್ಲಲ್ಲ," ಎಂದರು ಅವರು.

ಮಾತು ನಾಟಿತು. ಪ್ರಚಾರ ಸಾಲದು ಎಂದುಕೊಂಡೆವು. ಮರುದಿನ ಊಟದ ವಿರಾಮದಲ್ಲಿ ಆ ಫೋಟೋಗಳನ್ನು ನಮ್ಮ ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕಿ, 'ಕೈಕಸೂತಿ, ಯೋಗ್ಯ ದರ, ಸಂಪರ್ಕಿಸಿ' ಎಂದು ನಮ್ಮ ನಂಬರನ್ನೂ ಕೊಟ್ಟುಬಿಟ್ಟೆವು. ಗೋಪುರದ ನಿವಾಸಿಗಳ ಗುಂಪಿಗೂ ಅದೇ ಹೋಯಿತು.

ಮೂರು ಗಂಟೆಗೆ ನಮ್ಮ ಮೇಲಧಿಕಾರಿಗಳು ಒಳಗೆ ಕರೆದರು. ಬಾಗಿಲು ಹಾಕಿಕೊಳ್ಳಲು ಹೇಳಿ, ಮೆಲ್ಲನೆ ಕೇಳಿದರು: "ನೀವು ಎಸ್ಟಾಬ್ಲಿಷ್‌ಮೆಂಟಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಹದಿನೈದನೆಯ ನಿಯಮ ಓದಿಲ್ಲವೆ?"

ಓದಿಲ್ಲದೆ ಏನು! ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964. ಹದಿನೈದನೆಯ ನಿಯಮದಂತೆ ಸರ್ಕಾರಿ ನೌಕರನು ಪೂರ್ವಾನುಮತಿ ಇಲ್ಲದೆ ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯಾಪಾರದಲ್ಲಿ ತೊಡಗಕೂಡದು. ಮನೆಯವರು ನಡೆಸುವ ಏಜೆನ್ಸಿ ಮೊದಲಾದವುಗಳ ಪರವಾಗಿ ಅವನು ಗಿರಾಕಿ ಹಿಡಿಯಕೂಡದು. ಕುಟುಂಬದವರು ಯಾರಾದರೂ ವ್ಯಾಪಾರ ಮಾಡುತ್ತಿದ್ದರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ಹೆಂಡತಿ ವ್ಯಾಪಾರ ಮಾಡಬಾರದೆಂದು ಎಲ್ಲಿಯೂ ಇಲ್ಲ. ಗಂಡ ಅದರಲ್ಲಿ ಕೈಯಾಡಿಸಬಾರದು, ಮುಚ್ಚಿಡಬಾರದು, ಅಷ್ಟೆ. ಬೇರೆಯವರು ಬರೆದುಕೊಟ್ಟ ಇಂಥ ಎಷ್ಟೋ ತಿಳಿವಳಿಕೆ ಪತ್ರಗಳಿಗೆ ನಾವೇ ಡೈರಿ ನಂಬರು ಹಾಕಿ ಫೈಲು ಮಾಡಿದ್ದೇವೆ. ಅವೆಲ್ಲ ವಿಮಾ ಏಜೆಂಟರ ಗಂಡಂದಿರಿಗೆ ಎಂದು ತಿಳಿದಿದ್ದೆವೇ ಹೊರತು, ಒಂದು ಫೋಟೋ ಮುಂದಕ್ಕೆ ತಳ್ಳಿದ ಬೆರಳಿಗೂ ಅನ್ವಯಿಸಬಹುದೆಂದು ಹೊಳೆದಿರಲಿಲ್ಲ. ಅದೂ ಹೇಗೆ! ಖಾತೆ ನಮ್ಮದು, ನಂಬರು ನಮ್ಮದು, ಹಣ ಸೇರುವ ಬ್ಯಾಂಕು ನಮ್ಮದು. ಇದು ನಮ್ಮ ಮನೆಯವರ ವ್ಯಾಪಾರ ಎಂದರೆ ಯಾರು ನಂಬಬೇಕು?

ಮೇಲಧಿಕಾರಿಗಳು ಒಳ್ಳೆಯವರು. ಅಳಿಸಿ, ಸರಿಯಾಗಿ ಬರೆದುಕೊಡಿ ಎಂದು ಹೇಳಿ ಅಲ್ಲಿಗೇ ಬಿಟ್ಟರು. ಇಪ್ಪತ್ತು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಇಲ್ಲದ ನಾವು ಅಂದು ಪಿಂಕ್ ಲೈನಿನ ಮೆಟ್ರೋದಲ್ಲಿ ನಮ್ಮ ನಿಲ್ದಾಣವನ್ನು ದಾಟಿ ಮುಂದಿನದರಲ್ಲಿ ಇಳಿದೆವು.

ಮನೆಗೆ ಬಂದು, ಇದನ್ನೆಲ್ಲ ನಿಲ್ಲಿಸಿಬಿಡೋಣ, ನೌಕರಿಗಿಂತ ಕಸೂತಿ ದೊಡ್ಡದಲ್ಲ ಎಂದು ಅಪ್ಪಣೆ ಕೊಟ್ಟೆವು. ಮನೆಯವರು ನಿಯಮದ ಪ್ರತಿಯನ್ನು ತರಿಸಿಕೊಂಡು ಮಗಳಿಂದ ಎರಡು ಸಲ ಓದಿಸಿದರು. ಆಮೇಲೆ ಹೇಳಿದರು: "ಇದರಾಗ ನಾ ಮಾಡಬಾರದು ಅಂತ ಎಲ್ಲೈತ್ರೀ? ನೀವು ಮಾಡಬಾರದು ಅಂತ ಐತಿ. ನೀವು ಸುಮ್ಮನ ಕೂಡ್ರಿ. ನಾ ಮಾಡ್ತೀನಿ."

ಇಷ್ಟು ವರ್ಷ ಫೈಲು ಹಿಡಿದ ನಮಗೆ ಕಾಣದ ಅರ್ಥ ಅವರಿಗೆ ಕಂಡಿತು. ಹಾಗೆ ನೋಡಿದರೆ, ಕಸೂತಿ ಅವರದು. ನಾವು ಅದನ್ನು ಎರಡು ವಾರದಲ್ಲಿ ನಮ್ಮದಾಗಿ ಮಾಡಿಕೊಂಡುಬಿಟ್ಟಿದ್ದೆವು.

ನಾವು ತಿಳಿವಳಿಕೆ ಪತ್ರ ಬರೆದುಕೊಟ್ಟೆವು. ಹಳೆಯ ಪುಟವನ್ನು ಮುಚ್ಚಿದೆವು. ಮನೆಯವರು ತಮ್ಮ ಹೆಸರಿನಲ್ಲಿ ಹೊಸ ಸಿಮ್ಮು ಕೊಂಡರು. ತಮ್ಮ ಉಳಿತಾಯ ಖಾತೆಗೆ ಯುಪಿಐ ಜೋಡಿಸಿದರು. ತೆರಿಗೆಯ ವಿಷಯವನ್ನು ಪರಿಚಯದ ಲೆಕ್ಕಿಗರೊಬ್ಬರಲ್ಲಿ ತಾವೇ ಹೋಗಿ ಕೇಳಿ ಬಂದರು. ಸರ್ಕಾರ ಮನೆ ಕೊಟ್ಟಿರುವುದು ವಾಸಕ್ಕೆ, ಅಂಗಡಿಗಲ್ಲ. ಆದ್ದರಿಂದ ಬೋರ್ಡಿಲ್ಲ, ಮನೆಗೆ ಬರುವ ಗಿರಾಕಿಯಿಲ್ಲ. ಆದದ್ದೆಲ್ಲ ಸರೋಜಿನಿ ನಗರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಹೋಗಬೇಕೆಂದು ನಿಶ್ಚಯವಾಯಿತು.

ನಮ್ಮ ಪಾಲಿಗೆ ಉಳಿದದ್ದು ನೋಡುತ್ತ ಕೂಡುವುದು. ನೋಡಿದ್ದನ್ನು ಬರೆಯಲು ಯಾವ ನಿಯಮದ ಅಡ್ಡಿಯೂ ಇಲ್ಲ ಎಂದುಕೊಂಡಿದ್ದೇವೆ.

ಮೊದಲು ಅವರು ಮಾಡಿದ್ದು ಟ್ಯೂಬ್‌ಲೈಟನ್ನು ಬಿಟ್ಟದ್ದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಲ್ಕನಿಯಲ್ಲಿ ಬೀಳುವ ಬೆಳಕಿನಲ್ಲಿ, ನೇರ ಬಿಸಿಲು ತಾಗದಂತೆ, ಎದುರಿಗೆ ಒಂದು ಬಿಳಿ ಚಾದರ ಕಟ್ಟಿ ಫೋಟೋ ತೆಗೆದರು. ಕಪ್ಪು ಕಪ್ಪಾಗಿಯೇ ಬಂತು. ಚಿತ್ತಾರದ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಟ್ಟರು. ಆನೆ ಎಷ್ಟು ದೊಡ್ಡದು ಎಂದು ಯಾರೂ ಮತ್ತೆ ಕೇಳಬೇಕಾಗಿಲ್ಲ. ಹೂವಿನ ಚೌಕಟ್ಟು ಹೋಯಿತು. ವ್ಯಾಪಾರದ ಖಾತೆಗಳಿಗೆ ಇನ್ಸ್ಟಾಗ್ರಾಮಿನಲ್ಲಿ ಎಲ್ಲ ಚಿತ್ರಗೀತೆಗಳೂ ಸಿಗುವುದಿಲ್ಲ. ಅವರು ಹಾಡಿನ ಗೋಜಿಗೇ ಹೋಗದೆ, ಸೂಜಿ ಹಾಕುತ್ತ ಎಳೆ ಎಣಿಸುವ ತಮ್ಮ ದನಿಯನ್ನೇ ಬಿಟ್ಟರು. 'ಒಂದ, ಎರಡ, ಮೂರ, ನಾಕ' ಎಂಬ ಆ ಧಾರವಾಡದ ಲೆಕ್ಕವನ್ನು ಕೇಳಿ ಪುಣೆಯಿಂದ, ಸೊಲ್ಲಾಪುರದಿಂದ ಹೆಂಗಸರು ಬರೆದರು: ನಮ್ಮಜ್ಜಿ ಹೀಗೇ ಎಣಿಸುತ್ತಿದ್ದರು ಎಂದು.

ಎರಡನೆಯದು, ಅವರು ಬಟ್ಟೆಯನ್ನು ತಿರುಗಿಸಿ ತೋರಿಸಿದ್ದು. ಗವಂತಿಯಲ್ಲಿ, ಮುರ್ಗಿಯಲ್ಲಿ ಎದುರು ಹೇಗೋ ಹಿಂದೂ ಹಾಗೆಯೇ. ಯಂತ್ರದ ಕಸೂತಿಯನ್ನು ತಿರುಗಿಸಿದರೆ ದಾರದ ಜಂಜಾಟ ಕಾಣುತ್ತದೆ. ಹತ್ತು ಸೆಕೆಂಡಿನ ಆ ರೀಲು ನಮ್ಮ ಮುನ್ನೂರು ಲೈಕುಗಳನ್ನು ಮೀರಿಸಿತು.

ಮೂರನೆಯದು, ನೋಡುವವರನ್ನು ಕೊಳ್ಳುವವರಿಂದ ಬೇರ್ಪಡಿಸಿದ್ದು. ನೋಡುವುದಕ್ಕೆ ಇನ್ಸ್ಟಾಗ್ರಾಮು, ಮಾತಿಗೆ ವಾಟ್ಸಾಪ್ ಬಿಸಿನೆಸ್. 2018ರಿಂದ ಇರುವ ಈ ಆ್ಯಪಿನಲ್ಲಿ ದರ ಸಹಿತ ಪಟ್ಟಿ ಹಾಕಬಹುದು, ರಾತ್ರಿ ಹೊತ್ತು ಕೇಳುವವರಿಗೆ 'ಬೆಳಿಗ್ಗೆ ಉತ್ತರಿಸುತ್ತೇವೆ' ಎಂದು ತಾನಾಗಿ ಹೇಳಿಸಬಹುದು, ಹಣ ಬಂದವರು, ಬರಬೇಕಾದವರು ಎಂದು ಚೀಟಿ ಅಂಟಿಸಬಹುದು. ಒಟ್ಟಿಗೆ ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟು ಮಾತ್ರ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಇದು ತಿಳಿಯುವವರೆಗೆ ದೀಪಾವಳಿಯ ಸಂದೇಶ ಅರ್ಧ ಜನಕ್ಕೆ ಹೋಗಿರಲೇ ಇಲ್ಲ.

ಪ್ರಯೋಗಶಾಲೆಯಲ್ಲಿ ಕಲಿತ ಒಂದು ಮಾತನ್ನು ಮಾತ್ರ ನಾವು ಊಟಕ್ಕೆ ಕುಳಿತಾಗ ಹೇಳಿದ್ದುಂಟು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಮನೆಯವರು ಅದನ್ನು ಒಪ್ಪಿ ಒಂದು ನೋಟುಬುಕ್ಕು ಇಟ್ಟರು. ಆ ನೋಟುಬುಕ್ಕೇ ಇನ್ನೊಂದು ಸತ್ಯವನ್ನು ಹೊರಗೆಳೆಯಿತು. ಒಂದು ಕುಬಸದ ಎರಡು ತೋಳು ಮತ್ತು ಬೆನ್ನಿಗೆ ಅವರಿಗೆ ಹಿಡಿದದ್ದು 42 ಗಂಟೆ. ಮಾರಿದ್ದು 1,200 ರೂಪಾಯಿಗೆ. ಬಟ್ಟೆ, ದಾರ, ಅಂಚೆ ಸೇರಿ 350 ಕಳೆದರೆ ಗಂಟೆಗೆ ಇಪ್ಪತ್ತು ರೂಪಾಯಿ. ಅಂಗಳದ ಕಾಲದಲ್ಲಿ ಇದಕ್ಕಿಂತ ಕಡಿಮೆಯೇ ಇದ್ದಿರಬೇಕು. ನಾವು ಟೈಂ ಪಾಸು ಎನ್ನುತ್ತಿದ್ದ ಆ ಟೈಮಿನ ದರ ಅದು. ಅಂದು ಊಟ ಸರಿಯಾಗಿ ಇಳಿಯಲಿಲ್ಲ.

ದರ 2,800 ಆಯಿತು. ಹಾಗೆ ಹಾಕಿದ ದಿನವೇ ಯಾರೋ ಕೆಳಗೆ ಬರೆದರು: 'ಇದು ಸರೋಜಿನಿಯಲ್ಲಿ ಇನ್ನೂರಕ್ಕೆ ಸಿಗುತ್ತದೆ.' ನಮಗಾದರೆ ಸಿಟ್ಟು ನೆತ್ತಿಗೇರಿತ್ತು. ಮನೆಯವರು ಸಂಜೆ ಮಾರುಕಟ್ಟೆಗೆ ಇಳಿದು, ಇನ್ನೂರು ರೂಪಾಯಿ ಕೊಟ್ಟು ಅಂಥದೇ ಒಂದು ಯಂತ್ರದ ಕುರ್ತಾ ಕೊಂಡು ತಂದರು. ಎರಡನ್ನೂ ಪಕ್ಕಪಕ್ಕ ಹಾಸಿ, ಎರಡನ್ನೂ ತಿರುಗಿಸಿ ತೋರಿಸಿದರು. "ಅದೂ ಚೆಂದ ಐತಿ. ದಿನಾ ಉಡಾಕ ಅದನ್ನ ತಗೋರಿ. ಇದು ಬ್ಯಾರೆ," ಎಂದಷ್ಟೇ ಹೇಳಿದರು. ಆ ಕುರ್ತಾವನ್ನು ಮಗಳು ಈಗಲೂ ಹಾಕಿಕೊಳ್ಳುತ್ತಾಳೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಓದುಗರು ತಿಳಿಯಬಾರದು. ಒಮ್ಮೆ ಒಬ್ಬ ಗಿರಾಕಿ, ಚೌಕಾಸಿಯೇ ಇಲ್ಲದೆ, ಹತ್ತು ಕುಬಸ ಬೇಕೆಂದ. ಮುಂಗಡ ಕಳಿಸುತ್ತೇನೆ ಎಂದು ಒಂದು ಕ್ಯೂಆರ್ ಚಿತ್ರ ಕಳಿಸಿ, 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಗೆ ಬರುತ್ತದೆ' ಎಂದ. ಮನೆಯವರ ಬೆರಳು ಪಿನ್ನಿನ ಮೂರನೆಯ ಅಂಕಿಯ ಮೇಲಿದ್ದಾಗ ಮಗಳು ಫೋನು ಕಿತ್ತುಕೊಂಡಳು. ಹಣ ಪಡೆಯುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಪಿನ್ನು ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಈ ಒಂದು ವಾಕ್ಯವನ್ನು ಸಂಘದ ಸೋದರಿಯರೆಲ್ಲ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕೆಂದು ನಮ್ಮ ಕೋರಿಕೆ.

ಇನ್ನೊಂದು ಪ್ರಸಂಗದಲ್ಲಿ ತಪ್ಪು ನಮ್ಮ ಕಡೆಯದೇ. ಬೆಂಗಳೂರಿನ ಮಹಿಳೆಯೊಬ್ಬರು ಆ ತಿರುಗಿಸಿ ತೋರಿಸುವ ರೀಲನ್ನು ನೋಡಿ, ಅಳತೆ ಕಳಿಸಿ ಒಂದು ಕುಬಸ ಹಾಕಿಸಿಕೊಂಡರು. ತಲುಪಿದ ಮೇಲೆ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು: 'ಹಿಂಬದಿ ಒಂದೇ ತರಹ ಇಲ್ಲ. ಇದು ಯಂತ್ರದ್ದು. ಮೋಸ.' ಆ ಕುಬಸದಲ್ಲಿ ನೇಗಿಯೂ ಮೆಂಥೆಯೂ ಇದ್ದವು. ಆ ಎರಡು ಹೊಲಿಗೆಗಳಲ್ಲಿ ಹಿಂಬದಿ ಎದುರಿನಂತೆ ಬರುವುದಿಲ್ಲ. ಅದು ಆ ಹೊಲಿಗೆಯ ಗುಣ. ಆದರೆ ರೀಲಿನಲ್ಲಿ ನಾವು ತೋರಿಸಿದ್ದು ಗವಂತಿಯನ್ನಷ್ಟೆ. ಹೇಳಿದ್ದು 'ಕಸೂತಿ' ಎಂದು.

'ಅಳಿಸಿಬಿಡು, ಆಕೆಯನ್ನು ಬ್ಲಾಕು ಮಾಡು' ಎಂಬ ಸಲಹೆ ಬಾಯಿಯ ತುದಿಗೆ ಬಂದಿತ್ತು. ಮನೆಯವರು ಎರಡು ದಿನ ಮಾತಾಡಲಿಲ್ಲ, ಸೂಜಿಯನ್ನೂ ಹಿಡಿಯಲಿಲ್ಲ. ಅವರಮ್ಮ ಕಲಿಸಿದ್ದಕ್ಕೆ ಯಾರೋ ಮೋಸ ಎಂದಿದ್ದರು. ಮೂರನೆಯ ದಿನ ನಾಲ್ಕು ಹೊಲಿಗೆಗಳನ್ನೂ ಒಂದೇ ಬಟ್ಟೆಯ ಮೇಲೆ ಹಾಕಿ, ಒಂದೊಂದರ ಎದುರೂ ಹಿಂದೂ ತೋರಿಸಿ, "ನಾ ಮದಲ ಪೂರಾ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು," ಎಂದು ಸೇರಿಸಿದರು. ಆಕೆಗೆ 2,800 ಹಿಂದಿರುಗಿಸಿದರು. ಕುಬಸ ವಾಪಸು ಬಂತು. ಬೇರೊಬ್ಬರ ಅಳತೆಯದು, ಮಾರುವಂತಿಲ್ಲ, ಬೀರುವಿನಲ್ಲಿದೆ. ಆಕೆ ತಮ್ಮ ಟಿಪ್ಪಣಿಯನ್ನು ಅಳಿಸಲಿಲ್ಲ. ಅದರ ಕೆಳಗೆ 'ಹಣ ಬಂತು' ಎಂಬ ಎರಡು ಪದ ಬರೆದರು, ಅಷ್ಟೆ. ಆದರೆ ಆಮೇಲೆ ಬಂದ ಹೊಸ ಗಿರಾಕಿಗಳಲ್ಲಿ ಇಬ್ಬರು, ಆ ಎರಡು ಪದ ಓದಿಯೇ ಬಂದೆವು ಎಂದು ಹೇಳಿದ್ದಾರೆ.

ಈಗ ತಿಂಗಳಿಗೆ ಮೂರು ಅಥವಾ ನಾಲ್ಕು ಕೆಲಸ. ಅದಕ್ಕಿಂತ ಹೆಚ್ಚು ಒಬ್ಬರ ಕಣ್ಣಿಗೆ ಸಾಧ್ಯವಿಲ್ಲ. ಪಟ್ಟಿಯಲ್ಲೇ 'ಆರು ವಾರ ಕಾಯಬೇಕು' ಎಂದು ಬರೆದಿದ್ದಾರೆ. ಕೋಟಿ ಬಂದಿಲ್ಲ, ಬರುವುದೂ ಇಲ್ಲ. ಕಾಲೇಜಿನ ಖರ್ಚಿಗೆಂದು ಬೇರೆ ಒಂದು ಪಾಸ್‌ಬುಕ್ಕು ಆಗಿದೆ. ಅದರಲ್ಲಿರುವ ಹೆಸರು ನಮ್ಮದಲ್ಲ. ಕಳೆದ ಚಳಿಗಾಲದಲ್ಲಿ ಗೋಪುರದ ಕೆಳಗಿನ ಬಿಸಿಲಿನಲ್ಲಿ ಮನೆಯವರು ಕುರ್ಚಿ ಹಾಕಿಕೊಂಡು ಕುಳಿತಿದ್ದಾಗ ಎಂಟನೆಯ ಮಹಡಿಯ ತಮಿಳು ಹುಡುಗಿಯೊಬ್ಬಳು ಬಂದು, "ಆಂಟೀ, ಮೊಬೈಲಿನಲ್ಲಿ ಎಣಿಸುವವರು ನೀವೇ ಅಲ್ಲವೆ?" ಎಂದು ಕೇಳಿ, ಪಕ್ಕದಲ್ಲಿ ಕುಳಿತು ಕಲಿಯತೊಡಗಿದಳು. ಈಗ ಅಲ್ಲಿ ಮೂರು ಕುರ್ಚಿಗಳಿವೆ.

ಪ್ರಾರಂಭಿಸಬೇಕೆಂದಿರುವ ಸೋದರಿಯರಿಗೆ ಹೇಳುವುದು ಇಷ್ಟೆ. ಬೆಳಗಿನ ಬೆಳಕು ಸಾಕು, ದೊಡ್ಡ ಮೊಬೈಲು ಬೇಡ. ಲೈಕು ಎಣಿಸುವ ಮೊದಲು ಗಂಟೆ ಎಣಿಸಿ. ಎದುರು ತೋರಿಸುವಾಗ ಹಿಂಬದಿಯನ್ನೂ ತೋರಿಸಿ. ನಂಬರು, ಖಾತೆ, ಹೆಸರು ನಿಮ್ಮವೇ ಇರಲಿ. ಅವರ ಗಂಡಂದಿರಿಗೆ, ಅದರಲ್ಲೂ ನಮ್ಮಂಥ ಸರ್ಕಾರಿ ಗಂಡಂದಿರಿಗೆ ಹೇಳುವುದು ಇನ್ನೂ ಕಡಿಮೆ: ತಿಳಿವಳಿಕೆ ಪತ್ರ ಕೊಡಿ, ಅಂಚೆ ಕಚೇರಿಯ ಸಾಲಿನ ಉದ್ದ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ, ರಾತ್ರಿಯ ಪಾತ್ರೆಗಳನ್ನು ತೊಳೆಯಿರಿ. ಪಾತ್ರೆ ತೊಳೆಯುವುದನ್ನು ಹದಿನೈದನೆಯ ನಿಯಮ ಎಲ್ಲಿಯೂ ನಿಷೇಧಿಸಿಲ್ಲ. ನಾವು ಎರಡು ಸಲ ಓದಿ ನೋಡಿದ್ದೇವೆ.

ಆ ಪುಟದ ಹೆಸರೇನು ಎಂದು ಓದುಗರು ಕೇಳಬಹುದು. ಅದನ್ನು ಇಲ್ಲಿ ಬರೆದರೆ ಗಿರಾಕಿ ಹಿಡಿದಂತಾಗುತ್ತದೆ. ಕ್ಷಮಿಸಬೇಕು.